ಹತ್ತು ಕಡೆ ಬರೆದಿದೆ, ಬಾಯಿ ಮಾತ್ರ ಒಂದೇ

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. ನಮ್ಮ ಶಾಲೆಗೆ ಐವತ್ತು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಗೆ ಇಲ್ಲಿನ ಯರವ ಆದಿವಾಸಿ ಸಮುದಾಯದ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ನನಗೆ ಹೇಳಿದ್ದಾರೆ. ನಮ್ಮ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಕಾಫಿ ತೋಟದ ಲೈನ್ ಮನೆಗಳಿಂದ, ಆದಿವಾಸಿಗಳ ಹಾಡಿಗಳಿಂದ ಬರುವವರು. ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ಹುಡುಕಿ ಹುಡುಕಿ ತಲೆ ಕೆಟ್ಟಿದೆ. ಒಂದು ಕಡೆ ಇವರು ಆಫ್ರಿಕಾದವರು, ಹಡಗು ಒಡೆದು ಮಲಬಾರಿನ ದಡ ಸೇರಿದವರು ಎಂದಿದೆ. ಅದೇ ಮಾತು ಇನ್ನೂ ಆರೇಳು ಕಡೆ ಇದೆ. ಹಾಗಾದರೆ ನಿಜ ಇರಬೇಕು ಅಲ್ವಾ? ಇನ್ನೊಂದು ಕಡೆ ‘ಎರವಲು’ ಪದದಿಂದ ಯರವ ಬಂತು ಎಂದಿದೆ. ಜನಸಂಖ್ಯೆ ಒಂದೊಂದು ಕಡೆ ಒಂದೊಂದು. ಇಲ್ಲಿನ ಆದಿವಾಸಿಗಳ ಕುಂದೆ ಹಬ್ಬದ ವಿಡಿಯೊಗಳಲ್ಲಂತೂ ಬರೀ ಬೈಗುಳ. ಸಹೋದ್ಯೋಗಿಯೊಬ್ಬರು ‘ವಿಕಿಪೀಡಿಯ ನೋಡಿ ಬರೆದುಬಿಡಿ, ಯಾರು ಓದ್ತಾರೆ’ ಎಂದರು. ಆದರೆ ಓದುತ್ತಾರೆ. ಆ ಮಕ್ಕಳೇ ಓದುತ್ತಾರೆ. ಮೈಸೂರು, ಬೆಂಗಳೂರಿಗೆ ಹೋಗಿ ಲೈಬ್ರರಿಯಲ್ಲಿ ಕೂರಲು ರಜೆ ಇಲ್ಲ. ಮನೆಯಲ್ಲೇ ಕೂತು ನಂಬುವಂಥ ಮಾಹಿತಿ ಹೇಗೆ ಹುಡುಕಲಿ?

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು, ನಂಬುವಂಥದ್ದು ಎಲ್ಲಿ ಸಿಗುತ್ತದೆ ಎಂಬುದು. ಇನ್ನೊಂದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಅದೇ ದೊಡ್ಡದು. ಕೊನೆಯ ಬೆಂಚಿನ ಹುಡುಗಿಯ ಅಜ್ಜಿಯ ಬಗ್ಗೆ ನಾನು ಬರೆದದ್ದು ತಪ್ಪಾದರೆ ನಾಳೆ ಆ ಹುಡುಗಿಯ ಮುಖ ಹೇಗೆ ನೋಡಲಿ ಎಂಬುದು. ಮೊದಲನೆಯದು ಅಂಥ ಕಷ್ಟವೇನಲ್ಲ. ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಕೂತು ಮುಗಿಸಬಹುದು. ಉಳಿದ ಕಾಲು ಪಾಲಿಗೂ ಮೈಸೂರಿಗೆ ಹೋಗಬೇಕಿಲ್ಲ, ಶಾಲೆಯ ಹತ್ತಿರದ ಹಾಡಿಗೆ ಹೋದರೆ ಸಾಕು.

ನಾನು ಕೊಡಗಿನ ಕಾಲೇಜು ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು. ಕೊನೆಯ ಹತ್ತು ವರ್ಷ ಪುಸ್ತಕ ಕೇಳಿಕೊಂಡು ಬಂದವರಿಗಿಂತ "ಸರ್, ನೆಟ್ಟಲ್ಲಿ ಹೀಗಿದೆ, ನಿಜವಾ?" ಎಂದು ಮೊಬೈಲ್ ಚಾಚಿದವರೇ ಜಾಸ್ತಿ. ಅವರಿಗೆಲ್ಲ ನಾನು ಕೇಳುತ್ತಿದ್ದದ್ದು ಒಂದೇ: ಇದನ್ನು ಮೊದಲು ಹೇಳಿದವರು ಯಾರು? ಎಷ್ಟು ಕಡೆ ಇದೆ ಎಂದು ಎಣಿಸಬೇಡಿ. ಮೊದಲ ಬಾಯಿ ಯಾವುದು ಎಂದು ಹುಡುಕಿ.

ಆಫ್ರಿಕಾದ ಕಥೆಯನ್ನೇ ತೆಗೆದುಕೊಳ್ಳಿ. ಆ ಆರೇಳು ಪುಟಗಳನ್ನೂ ಒಂದೇ ಸಲ ತೆರೆದು ವಾಕ್ಯಕ್ಕೆ ವಾಕ್ಯ ಹೋಲಿಸಿ. ಒಂದರ ನಕಲು ಇನ್ನೊಂದು ಎಂದು ನಿಮಗೇ ಗೊತ್ತಾಗುತ್ತದೆ. ಒಂದರಲ್ಲಿ ಕಾಗುಣಿತ ತಪ್ಪಿದ್ದರೆ ಮಿಕ್ಕವುಗಳಲ್ಲೂ ಅದೇ ತಪ್ಪು ಇರುತ್ತದೆ. ಈ ಕಥೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ 1909ಕ್ಕೆ ಬಂದು ಮುಟ್ಟುತ್ತೀರಿ. ಮದ್ರಾಸಿನ ಸರ್ಕಾರಿ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಅವರ ಜೊತೆ ಸೇರಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ ವರ್ಷ ಅದು. ಆರನೇ ಸಂಪುಟದಲ್ಲಿ ಪಣಿಯ ಎಂಬ ಬುಡಕಟ್ಟಿನ ವಿಷಯ ಬರುತ್ತದೆ. ಅಲ್ಲಿ ಅವರು ಹೇಳುವುದು ಇಷ್ಟು: ಪಣಿಯರ ರೂಪ ನೋಡಿ, ಇವರು ಆಫ್ರಿಕಾ ಮೂಲದವರು, ಮಲಬಾರ್ ತೀರದಲ್ಲಿ ಹಡಗು ಒಡೆದು ಉಳಿದವರ ಸಂತತಿ ಎಂದು ಯುರೋಪಿಯನ್ ತೋಟಗಾರರಲ್ಲಿ ಒಂದು ನಂಬಿಕೆ ಇದೆ. ಆದರೆ ಪರಿಶೀಲಿಸಿದರೆ ಈ ವಾದ ನಿಲ್ಲುವುದಿಲ್ಲ.

ಕೊನೆಯ ವಾಕ್ಯ ಗಮನಿಸಿದಿರಾ? ನಕಲು ಮಾಡಿದವರು ಅದೊಂದನ್ನು ಬಿಟ್ಟಿದ್ದಾರೆ. ತೋಟದ ದೊರೆಗಳು ಸಂಜೆ ಹೊತ್ತು ಆಡಿಕೊಂಡಿರಬಹುದಾದ ಮಾತು, ನೂರು ವರ್ಷ ಕಳೆದ ಮೇಲೆ ‘ವಿದ್ವಾಂಸರ ಪ್ರಕಾರ’ ಎಂಬ ಟೊಪ್ಪಿ ಹಾಕಿಕೊಂಡು ನಿಮ್ಮ ಮೊಬೈಲಿಗೆ ಬಂದಿದೆ. ಇದರಲ್ಲಿ ಎರಡನೇ ತಪ್ಪೂ ಒಂದಿದೆ. ಥರ್ಸ್ಟನ್ ಅಲ್ಲಿ ಹೇಳುತ್ತಿರುವುದು ಪಣಿಯರ ಬಗ್ಗೆ. ನಮ್ಮಲ್ಲಿ ಪಣಿಯ ಯರವರು ಬೇರೆ, ಪಂಜಿರಿ ಯರವರು ಬೇರೆ. ಒಬ್ಬರ ಮೇಲಿನ ಗಾಳಿಮಾತನ್ನು ಇಬ್ಬರಿಗೂ ಅಂಟಿಸಿಬಿಟ್ಟಿದ್ದಾರೆ.

ಈ ಸಂಪುಟ ಹಳೆಯ ಪುಸ್ತಕಗಳ ವೆಬ್‌ಸೈಟುಗಳಾದ ಇಂಟರ್ನೆಟ್ ಆರ್ಕೈವ್‌ನಲ್ಲೂ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲೂ ಉಚಿತವಾಗಿ ಸಿಗುತ್ತದೆ. ಹದಿನೈದು ನಿಮಿಷದ ಕೆಲಸ. ಯಾರೂ ಮಾಡುವುದಿಲ್ಲ, ಅಷ್ಟೇ.

ಇಂಥ ಕಥೆ ಯರವರಿಗೆ ಮಾತ್ರ ಅಂಟಿದೆ ಎಂದುಕೊಳ್ಳಬೇಡಿ. ಕೊಡವರು ಅಲೆಕ್ಸಾಂಡರನ ಸೈನಿಕರ ವಂಶ ಎಂಬ ಮಾತು ನೀವೂ ಕೇಳಿರುತ್ತೀರಿ. ಮದುವೆ ಮನೆಯಲ್ಲಿ ಕೇಳಲು ಚೆನ್ನಾಗಿರುತ್ತದೆ. ಕ್ರಿ.ಪೂ. 326ರಲ್ಲಿ ಅವನ ಸೈನ್ಯ ಪಂಜಾಬಿನ ಬಿಯಾಸ್ ನದಿ ದಾಟಲು ಒಪ್ಪದೆ ಹಿಂದಿರುಗಿತು. ಅಲ್ಲಿಂದ ಕೊಡಗಿನ ಬ್ರಹ್ಮಗಿರಿ ಬೆಟ್ಟಕ್ಕೆ ಬಂದ ದಾರಿಗೆ ಯಾವ ಶಾಸನವೂ ಇಲ್ಲ, ದಾಖಲೆಯೂ ಇಲ್ಲ. ವ್ಯತ್ಯಾಸ ಒಂದೇ. ಒಂದು ಕಥೆ ಕೇಳಿದವರಿಗೆ ಹೆಮ್ಮೆ ಕೊಡುತ್ತದೆ, ಇನ್ನೊಂದು ಕೇಳಿದ ಮಕ್ಕಳನ್ನು ತರಗತಿಯಲ್ಲಿ ತಲೆ ತಗ್ಗಿಸುವಂತೆ ಮಾಡುತ್ತದೆ. ಹಾಗಾಗಿ ಎರಡನೆಯದರ ಬಗ್ಗೆ ನೀವು ಜಾಸ್ತಿ ಹುಷಾರಾಗಿರಬೇಕು.

ಈಗ ಹೆಸರಿನ ವಿಷಯ. ಹುಡುಕಾಟದಲ್ಲಿ ಜನ ಎಡವುವುದು ಜಾಸ್ತಿ ಇಲ್ಲೇ. ‘ಯರವ’ ಎಂಬುದು ಬೇರೆಯವರು ಕರೆದ ಹೆಸರು, ಸರ್ಕಾರಿ ಪಟ್ಟಿಯ ಹೆಸರು. ಪಂಜಿರಿ ಯರವರು ತಮ್ಮನ್ನು ಕರೆದುಕೊಳ್ಳುವುದು ‘ರಾವುಲ’ ಎಂದು. ಅದೇ ಜನ ಗಡಿಯಾಚೆ ವಯನಾಡಿನಲ್ಲಿ ‘ಅಡಿಯ’ ಎಂಬ ಹೆಸರಿನಲ್ಲಿ ಕೇರಳದ ಪಟ್ಟಿಯಲ್ಲಿದ್ದಾರೆ. ನೀವು ಯರವ ಎಂದಷ್ಟೇ ಹುಡುಕಿದರೆ ಅರ್ಧ ಬರಹಗಳು ಕಣ್ಣಿಗೇ ಬೀಳುವುದಿಲ್ಲ. ಕನ್ನಡದಲ್ಲಿ ಯರವ, ಎರವ, ಯೆರವ ಮೂರೂ ಬರೆದು ನೋಡಿ. ಎರವ ಎಂದು ಹಾಕಿದರೆ ‘ಎರವಲು ಪದಗಳು’ ಎಂಬ ವ್ಯಾಕರಣ ಪಾಠವೇ ಮೊದಲು ಬರಬಹುದು, ಗಾಬರಿಯಾಗಬೇಡಿ. ಇಂಗ್ಲಿಷಿನಲ್ಲಿ ಒಮ್ಮೆ ವೈ ಅಕ್ಷರದಿಂದ, ಒಮ್ಮೆ ಇ ಅಕ್ಷರದಿಂದ ಬರೆದು ನೋಡಿ. ರಾವುಲ, ಅಡಿಯ, ಪಣಿಯ ಎಂದೂ ಹುಡುಕಿ.

‘ಎರವಲು’ ವ್ಯುತ್ಪತ್ತಿಗೂ ಇಲ್ಲೇ ಉತ್ತರ ಇದೆ. ಎರಡು ಪದ ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲಾಗುವುದಿಲ್ಲ. ಇನ್ನು, ಅವರದಲ್ಲದ ಹೆಸರಿನ ಅರ್ಥ ಬಿಡಿಸಿ ಅವರ ಚರಿತ್ರೆ ಹೇಳಲು ಹೊರಡುವುದೇ ತಲೆಕೆಳಗಾದ ಕೆಲಸ. ಆ ಸಾಲು ಬಿಟ್ಟುಬಿಡಿ. ನಿಮ್ಮ ನಾಲ್ಕು ಪುಟಕ್ಕೆ ಅದರಿಂದ ಯಾವ ನಷ್ಟವೂ ಇಲ್ಲ.

ಊರಿನ ಹೆಸರುಗಳೂ ಹೀಗೇ. ಬ್ರಿಟಿಷರ ಕಾಲದ ಪುಸ್ತಕದಲ್ಲಿ ಮಡಿಕೇರಿ ಎಂದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಅಲ್ಲಿ ಅದು ಮರ್ಕಾರಾ. ಕುಶಾಲನಗರ ಫ್ರೇಸರ್‌ಪೇಟೆ. ವಿರಾಜಪೇಟೆ ವೀರರಾಜೇಂದ್ರಪೇಟೆ. ಕೊಡಗು ಕೂರ್ಗ್. ಇನ್ನೊಂದು ಮುಖ್ಯ ಸಂಗತಿ, ದಾಖಲೆಗಳು ಒಂದೇ ಕಡೆ ಇಲ್ಲ. 1834ರಿಂದ ಕೊಡಗು ಬ್ರಿಟಿಷರ ಕೈಯಲ್ಲಿ ಬೇರೆಯದೇ ಪ್ರಾಂತ್ಯವಾಗಿತ್ತು. ಪಕ್ಕದ ವಯನಾಡು ಮದ್ರಾಸಿನ ಮಲಬಾರ್ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದರೆ, ವಯನಾಡು ಕೇರಳಕ್ಕೆ ಹೋಯಿತು. ಕಾಡು ಒಂದೇ, ನೆಂಟರೂ ಒಂದೇ, ಕಡತ ಮಾತ್ರ ಎರಡು ಕಪಾಟಿನಲ್ಲಿ. "ವಯನಾಡಿನಿಂದ ವಲಸೆ ಬಂದವರು" ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ಮೊದಲು ಇದನ್ನು ನೆನಪಿಡಿ. "ಗಡಿಯ ಎರಡೂ ಕಡೆ ಇದ್ದಾರೆ, ಇವರ ಮಾತು ಮಲಯಾಳಕ್ಕೆ ಹತ್ತಿರ" ಎಂದು ಬರೆದರೆ ಯಾರೂ ತಪ್ಪು ಹಿಡಿಯುವ ಹಾಗಿಲ್ಲ.

ಜನಸಂಖ್ಯೆ ಒಂದೊಂದು ಕಡೆ ಒಂದೊಂದು ಎಂದಿರಿ. ಇದರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಎಣಿಸಿದ್ದೇ ಬೇರೆ ಬೇರೆ. ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ 2011ರ ಎ-11 ಎಂಬ ಕೋಷ್ಟಕ ಇದೆ. ಪರಿಶಿಷ್ಟ ಪಂಗಡಗಳನ್ನು ಒಂದೊಂದಾಗಿ, ಅದರ ಅನುಬಂಧದಲ್ಲಿ ಜಿಲ್ಲಾವಾರು, ಎಣಿಸಿದ್ದು ಅಲ್ಲಿದೆ. ಸಿ-16 ಎಂಬ ಇನ್ನೊಂದು ಕೋಷ್ಟಕ ಮಾತೃಭಾಷೆಯದು. ಅಲ್ಲಿ ಯರವ ಹುಡುಕಿದರೆ ಬೇರೆ ಭಾಷೆಯಾಗಿ ಸಿಗುವುದಿಲ್ಲ. ‘ಮಲಯಾಳಂ’ ಎಂಬ ದೊಡ್ಡ ಶೀರ್ಷಿಕೆಯ ಕೆಳಗೆ ಒಂದು ಸಣ್ಣ ಸಾಲಾಗಿ ಕೂತಿರುತ್ತದೆ. ಹಾಡಿಯಲ್ಲಿದ್ದು ಮನೆಮಾತು ಬೇರೆ ಏನೋ ಬರೆಸಿದವರು ಎ-11ರಲ್ಲಿ ಇರುತ್ತಾರೆ, ಸಿ-16ರ ಆ ಸಾಲಿನಲ್ಲಿ ಇರುವುದಿಲ್ಲ. ಎರಡು ಕೋಷ್ಟಕ, ಎರಡು ಅಂಕಿ. ಬರೆಯುವವರು ಎರಡನ್ನೂ ‘ಯರವರ ಜನಸಂಖ್ಯೆ’ ಎಂದೇ ಬರೆಯುತ್ತಾರೆ. ಇದರ ಮೇಲೆ ಕೊಡಗಿನ ಲೆಕ್ಕವೋ, ಇಡೀ ಕರ್ನಾಟಕದ್ದೋ, ದೇಶದ್ದೋ ಎಂಬುದನ್ನು ಹೇಳದೇ ಇರುವುದು ಬೇರೆ.

ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಮಾತುಗಳನ್ನು ಆ ಭಾಷಾ ಕೋಷ್ಟಕ ಹೆಸರು ಹಿಡಿದು ತೋರಿಸುವುದೇ ಇಲ್ಲ. ‘ಇತರೆ’ಯೊಳಗೆ ಸೇರಿಸಿಬಿಡುತ್ತದೆ. ಹಾಗಾಗಿ ಕೋಷ್ಟಕದಲ್ಲಿ ಇಲ್ಲ ಎಂದರೆ ಊರಿನಲ್ಲಿ ಇಲ್ಲ ಎಂದಲ್ಲ.

ಭಾಷೆಯ ಅಂಕಿಯನ್ನು ಜನರ ಅಂಕಿ ಎಂದು ಓದಿದರೆ ಏನಾಗುತ್ತದೆ ನೋಡಿ. 2001ರಲ್ಲಿ ದೇಶದಲ್ಲಿ 1,66,187 ಮಂದಿ ಕೊಡವ ತಕ್ಕನ್ನು ಮಾತೃಭಾಷೆ ಎಂದು ಬರೆಸಿದ್ದರು. 2011ರಲ್ಲಿ 1,13,857. ಇದನ್ನು ಹಿಡಿದುಕೊಂಡು ಹತ್ತು ವರ್ಷದಲ್ಲಿ ಐವತ್ತೆರಡು ಸಾವಿರ ಜನ ಕಾಣೆಯಾದರು ಎನ್ನಲಾಗುತ್ತದೆಯೇ? ಕಡಿಮೆಯಾದದ್ದು ಆ ಕಾಲಂನಲ್ಲಿ ಆ ಹೆಸರು ಬರೆಸಿದವರ ಸಂಖ್ಯೆ. ನೀವು ಯಾವ ಅಂಕಿ ಹಾಕಿದರೂ ಪಕ್ಕದಲ್ಲೇ ವರ್ಷ, ಪ್ರದೇಶ, ಕೋಷ್ಟಕ ಮೂರನ್ನೂ ಹಾಕಿ. ಅಷ್ಟು ಹಾಕಲು ಆಗದ ಅಂಕಿ ಬೇಡವೇ ಬೇಡ.

ಹಳೆಯ ಲೆಕ್ಕ ಬೇಕಾದರೆ 1901ರದ್ದು ಚೆನ್ನಾಗಿದೆ. ಆಗ ಇಡೀ ಕೊಡಗಿನ ಜನ 1,80,607. ಅದರಲ್ಲಿ ಯರವರು 14,586. ಅಂದರೆ ನೂರಕ್ಕೆ ಎಂಟು ಮಂದಿ. ಸ್ಮರಣ ಸಂಚಿಕೆಯಲ್ಲಿ ಈ ಒಂದು ವಾಕ್ಯ ಇದ್ದರೆ ‘ಎಲ್ಲಿಂದಲೋ ಮೊನ್ನೆ ಬಂದ ಕೂಲಿಗಳು’ ಎಂಬ ಮಾತಿಗೆ ಉತ್ತರ ತಾನಾಗಿ ಸಿಗುತ್ತದೆ.

ಸರ್ಕಾರಿ ಪಟ್ಟಿ ಎಂದರೆ ಕಲ್ಲಿನ ಮೇಲೆ ಕೆತ್ತಿದ್ದು ಎಂದೂ ತಿಳಿಯಬೇಡಿ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕುರುಬ ಎಂಬ ಹೆಸರಿನ ಪಕ್ಕ ‘ಕೊಡಗು ಜಿಲ್ಲೆಯಲ್ಲಿ’ ಎಂಬ ಷರತ್ತಿದೆ. ಹಳೆಯ ಕೂರ್ಗ್ ರಾಜ್ಯದ ಪಟ್ಟಿಯಿಂದ ಬಂದ ಬಾಲ ಅದು. ಬೆಟ್ಟ ಕುರುಬ ಎಂಬ ಹೆಸರನ್ನು ಕಾಡು ಕುರುಬದ ಪರ್ಯಾಯ ಹೆಸರಾಗಿ ಸೇರಿಸುವ ತಿದ್ದುಪಡಿ ಸಂಸತ್ತಿಗೆ ಬಂದದ್ದೇ 2022ರಲ್ಲಿ. ಅದಕ್ಕಿಂತ ಹಿಂದಿನ ಕೋಷ್ಟಕದಲ್ಲಿ ಬೆಟ್ಟ ಕುರುಬ ಎಂದು ಹುಡುಕಿ ಸಿಗದೆ ಒಬ್ಬ ವಿದ್ಯಾರ್ಥಿ, "ಸರ್, ಇವರು ಕೊಡಗಿನಲ್ಲಿ ಇಲ್ವಂತೆ" ಎಂದಿದ್ದ. ಅವನ ಬೆಂಚಿನ ಪಕ್ಕದವನೇ ಬೆಟ್ಟ ಕುರುಬರ ಹುಡುಗ!

ಹಳೆಯ ಪುಸ್ತಕಗಳಿಗೆ ಬರೋಣ. ಕೊಡಗಿನ ಬಗ್ಗೆ ಹತ್ತೊಂಬತ್ತನೇ ಶತಮಾನದಲ್ಲಿ ಬರೆದವರು ಕೆಲವೇ ಮಂದಿ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1855ರಲ್ಲಿ, ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ಜಿ. ರಿಕ್ಟರ್ 1870ರಲ್ಲಿ, ಲೂಯಿಸ್ ರೈಸ್ 1878ರ ಸುಮಾರಿಗೆ ತಮ್ಮ ಗೆಜೆಟಿಯರಿನ, ಅಂದರೆ ಪ್ರದೇಶದ ವಿವರ ಕೊಡುವ ಸರ್ಕಾರಿ ಪುಸ್ತಕದ, ಮೂರನೇ ಸಂಪುಟದಲ್ಲಿ. ರಿಕ್ಟರ್ 1887ರಲ್ಲಿ ಕೊಡಗಿನ ಜಾತಿ, ಬುಡಕಟ್ಟುಗಳ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದರು. ಹಿಂದಿನವರು ಬರೆದದ್ದನ್ನು ಮುಂದಿನವರು ಎತ್ತಿಕೊಂಡರು. ಈಗ ನೀವು ನೆಟ್ಟಿನಲ್ಲಿ ಓದುವ ‘ಕೊಡಗಿನ ಬುಡಕಟ್ಟುಗಳು’ ಬರಹಗಳ ಬೇರು ಸಾಮಾನ್ಯವಾಗಿ ಈ ನಾಲ್ಕೈದು ಪುಸ್ತಕಗಳಲ್ಲೇ ಇದೆ. ಇವನ್ನು ಓದಬೇಡಿ ಎನ್ನುತ್ತಿಲ್ಲ. ಓದಲೇಬೇಕು. ಆದರೆ ಓದುವಾಗ ಇವರಿಗೆ ಇದನ್ನು ಹೇಳಿದ್ದು ಯಾರು ಎಂದು ಒಂದು ಕಣ್ಣು ಇಟ್ಟಿರಿ. ಥರ್ಸ್ಟನ್ನರ ಅದೇ ಪಣಿಯರ ಪುಟದಲ್ಲಿ ಅವರ ಮೂಲದ ಬಗ್ಗೆ ಇನ್ನೊಂದು ಕಥೆ ಇದೆ. ಅದನ್ನು ಹೇಳಿದವರು ಜನ್ಮಿಗಳು, ಅಂದರೆ ಜಮೀನಿನ ಒಡೆಯರು. ಆಳುಗಳ ಚರಿತ್ರೆಯನ್ನು ಒಡೆಯನ ಬಾಯಿಂದ ಕೇಳಿ ಬರೆದದ್ದು. ಪುಸ್ತಕವೇ ಅದನ್ನು ಪ್ರಾಮಾಣಿಕವಾಗಿ ಹೇಳಿಬಿಟ್ಟಿದೆ, ನಾವು ಗಮನಿಸಬೇಕು ಅಷ್ಟೇ.

ಇಲ್ಲಿ ನಿಮಗೆ ಒಂದು ಕಷ್ಟ ಎದುರಾಗುತ್ತದೆ. ಹಳೆಯ ಬರಹಗಳಲ್ಲಿ ಯರವರು ಕೊಡವರ ಗುಲಾಮರಾಗಿದ್ದರು ಎಂದು ನೇರವಾಗಿ ಇದೆ. ಅದು ಕಟ್ಟುಕಥೆಯಲ್ಲ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ, ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ನಡುವಿನ ನೂರಮೂವತ್ತು ವರ್ಷದ ನೆನಪು ನಿಮ್ಮ ಮಕ್ಕಳ ಅಜ್ಜ ಅಜ್ಜಿಯರ ತಲೆಯಲ್ಲಿ ಇನ್ನೂ ಇದೆ. ಇದನ್ನು ಮುಚ್ಚಿಟ್ಟರೆ ಅವರಿಗೆ ಅನ್ಯಾಯ. ಎದ್ದು ಕಾಣುವಂತೆ ಬರೆದರೆ ಶಾಲೆಯ ಆಡಳಿತ ಮಂಡಳಿಯಲ್ಲಿರುವ ತೋಟದ ಮನೆತನದವರು ಹುಬ್ಬು ಗಂಟಿಕ್ಕಬಹುದು. ನಾನಾದರೆ ಬರೆಯುತ್ತೇನೆ, ಆದರೆ ವಾಕ್ಯದ ಕರ್ತೃವನ್ನು ಬದಲಿಸುತ್ತೇನೆ. "ಯರವರು ಜೀತದಾಳುಗಳು" ಎಂದರೆ ಜೀತ ಅವರ ಹುಟ್ಟುಗುಣ ಎಂಬಂತೆ ಕೇಳಿಸುತ್ತದೆ. "ಭೂಮಾಲೀಕರು ಅವರನ್ನು ಜೀತಕ್ಕೆ ಇಟ್ಟುಕೊಳ್ಳುತ್ತಿದ್ದರು, 1976ರ ಕಾಯ್ದೆ ಅದನ್ನು ಅಪರಾಧವಾಗಿಸಿತು" ಎಂದರೆ ನಡೆದದ್ದು ನಡೆದ ಹಾಗೆ ಇರುತ್ತದೆ. ಯಾವ ಮನೆತನದ ಹೆಸರೂ ಬೇಡ.

ಕುಂದೆ ಹಬ್ಬದ ವಿಡಿಯೊಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇ ತಿಂಗಳಲ್ಲಿ ತಿತಿಮತಿ ಹತ್ತಿರದ ದೇವರಪುರಕ್ಕೆ ಗೋಣಿಕೊಪ್ಪದಿಂದ ಬಸ್ಸು ಹತ್ತಿ ಹೋದರೆ ನೀವೇ ನೋಡಬಹುದು. ಮುಖಕ್ಕೆ ಬಣ್ಣ, ಹೆಣ್ಣುವೇಷ, ಡೋಲು, ಅಂಗಡಿ ಮುಂದೆ, ವಾಹನದ ಮುಂದೆ ನಿಂತು ಕಾಸು ಕೇಳುವುದು, ಬೈಗುಳ ಎಲ್ಲ ಇದೆ. ತಮ್ಮನ್ನು ಕರೆದುಕೊಂಡು ಹೊರಟ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೋಗಿಬಿಟ್ಟ, ತಮ್ಮನ್ನು ನಡುದಾರಿಯಲ್ಲಿ ಬಿಟ್ಟ ಎಂಬ ಸಿಟ್ಟಿಗೆ ದೇವರನ್ನೇ ಬೈಯುತ್ತಾರೆ ಎಂಬ ಕಥೆ ಇದೆ. ಎರಡು ನಿಮಿಷದ ವಿಡಿಯೊದಲ್ಲಿ ಬೈಗುಳ ಉಳಿಯುತ್ತದೆ, ಕಥೆ ಹೋಗುತ್ತದೆ. ಹಬ್ಬದಲ್ಲಿ ಜೇನು ಕುರುಬರೂ ಇರುತ್ತಾರೆ, ಆದ್ದರಿಂದ ‘ಯರವರ ಬೈಗುಳ ಹಬ್ಬ’ ಎಂಬ ತಲೆಬರಹವೂ ತಪ್ಪು. ವಿಡಿಯೊದಲ್ಲಿ ದಿನಾಂಕ, ಜಾಗ, ಮಾತಾಡಿದವರು ಯಾರು ಎಂಬ ಮೂರೂ ಇಲ್ಲದಿದ್ದರೆ ಅದನ್ನು ಮೂಲವೆಂದು ತೆಗೆದುಕೊಳ್ಳಬೇಡಿ.

ವಿಕಿಪೀಡಿಯವನ್ನು ನಾನು ಬೈಯುವವನಲ್ಲ. ಪುಟದ ಕೆಳಗಿನ ಉಲ್ಲೇಖಗಳನ್ನು ಒತ್ತಿ ನೋಡಿ. ಕೊಂಡಿ ಪುಸ್ತಕಕ್ಕೋ ಸರ್ಕಾರಿ ಕೋಷ್ಟಕಕ್ಕೋ ಹೋದರೆ ಅದನ್ನೇ ತೆರೆದು ಓದಿ, ವಿಕಿಪೀಡಿಯ ಬಿಟ್ಟುಬಿಡಿ. ಕೊಂಡಿ ಇನ್ಯಾವುದೋ ಪ್ರವಾಸದ ಜಾಹೀರಾತು ಪುಟಕ್ಕೆ ಹೋದರೆ, ಹೋಂಸ್ಟೇ ಮಾರುವವರು ಬರೆದ ಚರಿತ್ರೆ ಅದು ಎಂದು ಮುಚ್ಚಿಬಿಡಿ. ಈಗ ಎಐಗೆ ಕೇಳಿದರೆ ನಿಮಿಷದಲ್ಲಿ ಪ್ರಬಂಧವೇ ಬರುತ್ತದೆ. ಕಳೆದ ವರ್ಷ ಒಬ್ಬ ಹುಡುಗಿ ಅದು ಕೊಟ್ಟ ಐದು ಪುಸ್ತಕದ ಪಟ್ಟಿ ತಂದಿದ್ದಳು. ಮೂರು ಪುಸ್ತಕ ಯಾವ ಲೈಬ್ರರಿಯ ಪಟ್ಟಿಯಲ್ಲೂ ಇರಲಿಲ್ಲ, ಬರೆದೇ ಇರಲಿಲ್ಲ! ಪುಟ ಸಂಖ್ಯೆ ಸಮೇತ ಕೊಟ್ಟಿತ್ತು. ಹುಡುಕಲು ಸಹಾಯಕ್ಕೆ ಅದನ್ನು ಬಳಸಿ, ಬೇಡ ಎನ್ನುವುದಿಲ್ಲ. ಕಣ್ಣಿನಿಂದ ಪುಟ ನೋಡುವವರೆಗೆ ಒಂದು ಸಾಲನ್ನೂ ಎತ್ತಿಕೊಳ್ಳಬೇಡಿ.

ಹಾಗಾದರೆ ಏನು ಓದಬೇಕು? ನಿಮಗಿರುವ ಸಮಯ ನೋಡಿಕೊಂಡು ಹೇಳುತ್ತೇನೆ. ಒಂದೇ ವಾರ ಇದ್ದರೆ ಸರ್ಕಾರಿ ಮೂಲಗಳಷ್ಟೇ ಸಾಕು: ಜನಗಣತಿಯ ಕೊಡಗು ಜಿಲ್ಲಾ ಕೈಪಿಡಿ, ಮೇಲೆ ಹೇಳಿದ ಎರಡು ಕೋಷ್ಟಕ, 1965ರ ಕೂರ್ಗ್ ಜಿಲ್ಲಾ ಗೆಜೆಟಿಯರ್. ಇದರಲ್ಲಿ ತಪ್ಪು ಕಡಿಮೆ. ಆದರೆ ಲೇಖನ ಒಣಗಿದ ಸೌದೆಯ ಹಾಗಿರುತ್ತದೆ, ಜನರ ಧ್ವನಿ ಇರುವುದಿಲ್ಲ.

ಒಂದು ತಿಂಗಳಿದ್ದರೆ ಶೋಧಗಂಗಾ ಎಂಬ ವೆಬ್‌ಸೈಟಿಗೆ ಹೋಗಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತ. ಮಂಗಳೂರು, ಮೈಸೂರು, ಹಂಪಿ ಕನ್ನಡ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಮೊದಲು ನೋಡಿ, ಆಮೇಲೆ ಕೇರಳದವು. ಎಲ್ಲ ಪ್ರಬಂಧವೂ ಒಳ್ಳೆಯದಲ್ಲ. ಮೊದಲ ಅಧ್ಯಾಯ ಬಿಟ್ಟು ನೇರವಾಗಿ ಕ್ಷೇತ್ರಕಾರ್ಯದ ಅಧ್ಯಾಯ ತೆರೆಯಿರಿ. ಯಾವ ಹಾಡಿ, ಎಷ್ಟು ದಿನ, ಯಾವ ಭಾಷೆಯಲ್ಲಿ ಮಾತಾಡಿದರು ಎಂದು ಬರೆದಿದ್ದರೆ ಮುಂದೆ ಓದಿ. ಇಲ್ಲದಿದ್ದರೆ ಅದೂ ರಿಕ್ಟರನ ನಕಲೇ ಇರಬಹುದು. ಮಾತಿನ ಬಗ್ಗೆ ಬರೆಯಬೇಕೆಂದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಯರವ ಭಾಷೆಯ ವಿವರಣಾತ್ಮಕ ಅಧ್ಯಯನವೊಂದನ್ನು 1993ರಲ್ಲಿ ಪ್ರಕಟಿಸಿದೆ. ಇವರಿಗೆ ಭಾಷೆಯೇ ಇಲ್ಲ, ಒಡಕು ಮಲಯಾಳ ಎನ್ನುವವರಿಗೆ ಆ ಪುಸ್ತಕದ ಹೆಸರು ಹೇಳಿದರೂ ಸಾಕು.

ಇತ್ತೀಚಿನ ಸಂಗತಿಗಳಿಗೆ ಪತ್ರಿಕೆಗಳೇ ಬೇಕು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳನ್ನು ಒಕ್ಕಲೆಬ್ಬಿಸಿದ್ದು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕೊಟ್ಟದ್ದು ಯಾವ ಗೆಜೆಟಿಯರಿನಲ್ಲೂ ಸಿಗುವುದಿಲ್ಲ. ಅದೇ ದಿನದ ವರದಿಯನ್ನೂ ಆರು ತಿಂಗಳ ನಂತರದ ವರದಿಯನ್ನೂ ಪಕ್ಕಪಕ್ಕ ಇಟ್ಟು ಓದಿ. ಘಟನೆಯ ದಿನದ ಅಂಕಿ ಅವಸರದ್ದಾಗಿರುತ್ತದೆ.

ಎರಡು ತಿಂಗಳಿದ್ದರೆ ಹಾಡಿಯ ಹಿರಿಯರನ್ನು ಮಾತಾಡಿಸಿ. ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ, ಅಪಾಯ ಜಾಸ್ತಿ ಇರುವ ದಾರಿಯೂ ಇದೇ. ನಾನೇ ಒಮ್ಮೆ ಎಡವಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಗ್ರಹದಲ್ಲಿ ಕೊಡಗಿನ ಹಳೆಯ ಫೋಟೊಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಕಾಲೇಜಿನ ಪ್ರದರ್ಶನಕ್ಕೆಂದು ಒಂದು ಹಳೆಯ ಫೋಟೊ ಇಳಿಸಿ, ಯಾವುದೋ ಬ್ಲಾಗಿನಲ್ಲಿ ಇದ್ದಂತೆ ‘ಯರವ ಮಹಿಳೆ’ ಎಂದು ಬರೆದು ಗೋಡೆಗೆ ಅಂಟಿಸಿದ್ದೆ. ಕಸ ಗುಡಿಸಲು ಬರುತ್ತಿದ್ದ ಅಕ್ಕ ಪೊರಕೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನೋಡಿ, "ಇದು ನಮ್ಮವರಲ್ಲ ಸಾರ್, ಬಟ್ಟೆ ಕಟ್ಟಿರೋದೇ ಬೇರೆ" ಎಂದರು. ಎರಡು ದಿನದಿಂದ ಅದು ಅಲ್ಲೇ ಇತ್ತು. ಪ್ರೊಫೆಸರುಗಳು, ಅತಿಥಿಗಳು ಎಲ್ಲರೂ ನೋಡಿ ಹೋಗಿದ್ದರು. ಹತ್ತು ವರ್ಷದಿಂದ ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಆ ಅಕ್ಕನನ್ನು ಒಂದು ಮಾತು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

ಹೋಗುವುದಾದರೆ ಮಕ್ಕಳ ಮೂಲಕ ಹೋಗಬೇಡಿ. "ನಿನ್ನ ಅಜ್ಜಿ ಹತ್ತಿರ ಜೀತದ ಕಥೆ ಕೇಳಿಕೊಂಡು ಬಾ" ಎಂದರೆ ಮಗುವಿಗೂ ಕಷ್ಟ, ಅಜ್ಜಿಗೂ ಕಷ್ಟ. ನೀವೇ ಹೋಗಿ, ಶಾಲೆಗೆ ರಜೆ ಇರುವ ದಿನ, ಕಾಫಿ ಕೊಯ್ಲು ಇಲ್ಲದ ಸಮಯ ನೋಡಿ. ಏನು ಬರೆಯುತ್ತಿದ್ದೀರಿ, ಎಲ್ಲಿ ಅಚ್ಚಾಗುತ್ತದೆ ಎಂದು ಮೊದಲೇ ಹೇಳಿ. ರೆಕಾರ್ಡ್ ಮಾಡಬಹುದೇ ಎಂದು ಕೇಳಿ, ಬೇಡ ಎಂದರೆ ಮೊಬೈಲ್ ಚೀಲದಲ್ಲಿಡಿ. ತೋಟದ ಮಾಲೀಕರ ಎದುರು ಕೂತು ಮಾತಾಡಿಸಬೇಡಿ. ದುಡಿಯುವ ತೋಟದಲ್ಲೇ ವಾಸ ಇರುವವರು ಅಲ್ಲಿ ನಿಮಗೆ ಹೇಳುವುದು ಬೇರೆ, ಮನಸ್ಸಿನಲ್ಲಿರುವುದು ಬೇರೆ. ದೇವರ ಜಾಗ, ಹೂಳುವ ಜಾಗ ಎಲ್ಲಿದೆ ಎಂದು ಗೊತ್ತಾದರೂ ಅಚ್ಚಿಗೆ ಹಾಕಬೇಡಿ, ಮುಂದಿನ ವಾರ ಯಾರಾದರೂ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಮಕ್ಕಳ ಫೋಟೊ, ಹಾಡಿಯ ಹೆಸರು ಒಟ್ಟಿಗೆ ಹಾಕುವುದೂ ಬೇಡ. ಅವರು ಹೇಳಿದ್ದು ಪುಸ್ತಕದಲ್ಲಿ ಇರುವುದಕ್ಕೆ ತಾಳೆಯಾಗದಿದ್ದರೆ ಒಂದನ್ನು ಅಳಿಸುವ ಅಗತ್ಯ ಇಲ್ಲ. "1870ರ ಪುಸ್ತಕದಲ್ಲಿ ಹೀಗಿದೆ, ಹಾಡಿಯ ಹಿರಿಯರು ಹೀಗೆ ಹೇಳುತ್ತಾರೆ" ಎಂದು ಎರಡನ್ನೂ ಬರೆಯಿರಿ.

ಇದ್ಯಾವುದಕ್ಕೂ ಸಮಯ ಇಲ್ಲ ಎಂದಾದರೆ ಇನ್ನೊಂದು ದಾರಿ ಇದೆ. ಸಮುದಾಯದ ಚರಿತ್ರೆ ಬಿಟ್ಟು ನಿಮ್ಮ ಶಾಲೆಯಲ್ಲಿ ಓದಿದ ಯರವ ಮಕ್ಕಳ ಚರಿತ್ರೆ ಬರೆಯಿರಿ. ಮೊದಲ ಬ್ಯಾಚಿನಲ್ಲಿ ಎಷ್ಟು ಮಂದಿ, ಹತ್ತನೇ ತರಗತಿ ಮೊದಲು ಪಾಸಾದದ್ದು ಯಾವ ವರ್ಷ, ಯಾವ ತಿಂಗಳಲ್ಲಿ ಮಕ್ಕಳು ಬರುವುದು ಕಡಿಮೆಯಾಗುತ್ತದೆ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ ನಿಮ್ಮ ಆಫೀಸಿನ ಬೀರುವಿನಲ್ಲೇ ಇವೆ. ಮಕ್ಕಳ ಹೆಸರು ಬೇಡ, ಲೆಕ್ಕ ಸಾಕು. ಇದನ್ನು ಬರೆಯಲು ನಿಮಗಿಂತ ಸರಿಯಾದವರು ಇಲ್ಲ. ಸತ್ಯ ಹೇಳಬೇಕೆಂದರೆ ನನಗೆ ಓದಲು ಆಸೆ ಇರುವುದೂ ಇದೇ ಲೇಖನ.

ಯಾವುದನ್ನೇ ಬರೆದರೂ ಪ್ರೆಸ್ಸಿಗೆ ಕೊಡುವ ಮೊದಲು ಸಮುದಾಯದ ಒಬ್ಬರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ಸುಮ್ನಾಗುತ್ತಾರೆ ನೋಡಿ, ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿ. ಕರಡು ನನಗೂ ಕಳಿಸಿ, ಅಂಕಿಗಳನ್ನು ನೋಡಿಕೊಡುತ್ತೇನೆ. ಥರ್ಸ್ಟನ್ನರ ಆರನೇ ಸಂಪುಟ ದೊಡ್ಡ ಫೈಲು, ಬೆಳಗ್ಗೆ ಐದು ಗಂಟೆಗೆ ಎದ್ದು ಇಳಿಸಿಕೊಳ್ಳಿ. ಮಳೆ ಶುರುವಾದ ಮೇಲೆ ನಮ್ಮ ಕಡೆ ಟವರೂ ಇರುವುದಿಲ್ಲ, ಕರೆಂಟೂ ಇರುವುದಿಲ್ಲ.